ಮೇಲಿಂದ ನೋಡಿದರೆ ರಾಗಿ ಯಾವುದು, ನೀಲಗಿರಿ ಯಾವುದು?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ ಮೇಲಿವೆ. ಉಪಗ್ರಹದ ಚಿತ್ರ ನೋಡಿ ಬೆಳೆ ಗುರುತು ಹಿಡಿಯುವುದು ಹೇಗೆ, ಅದನ್ನು ಎಷ್ಟು ನಂಬಬಹುದು ಅಂತ. ಬೆಳೆ ಸಮೀಕ್ಷೆ ನಡೆಯುವ ಹೊತ್ತಲ್ವಾ, ಅದಕ್ಕೇ ಇರಬೇಕು. ಬೆಂಗಳೂರಿನಲ್ಲಿ ಕೂತು ಇಂಥ ಚಿತ್ರ ಓದುವುದೇ ನನ್ನ ನೌಕರಿಯಾಗಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಲೈಟ್ ಟೇಬಲ್ ಮೇಲೆ ದೊಡ್ಡ ಪ್ರಿಂಟ್ ಹಾಸಿ, ಅದರ ಮೇಲೆ ಟ್ರೇಸಿಂಗ್ ಹಾಳೆ ಇಟ್ಟು, ಇದು ಕೆರೆ, ಇದು ಕಾಡು, ಇದು ನೀರಾವರಿ ಅಂತ ಪೆನ್ಸಿಲ್‌ನಲ್ಲಿ ಗೆರೆ ಎಳೆಯುತ್ತಿದ್ದೆವು. ಈಗ ನಿವೃತ್ತಿಯಾಗಿ ಯಲಹಂಕದ ಮನೆಯಲ್ಲಿದ್ದೇನೆ, ಆದರೂ ಚಟ ಬಿಟ್ಟಿಲ್ಲ. ಪ್ರಶ್ನೆ ಜಾಸ್ತಿ, ಜಾಗ ಕಡಿಮೆ. ಕೆಲವಕ್ಕೆ ಉದ್ದ ಉತ್ತರ ಬರೆದಿದ್ದೇನೆ, ಕೆಲವಕ್ಕೆ ನಾಲ್ಕೇ ಸಾಲು. ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಮೇಡಂ, ನಾನಿರುವುದು ರಾಜಾಜಿನಗರದಲ್ಲಿ. ದೊಡ್ಡಬಳ್ಳಾಪುರದ ಹತ್ತಿರ ಊರಲ್ಲಿ ಎರಡು ಎಕರೆ ಹೊಲ ಇದೆ, ಅಣ್ಣ ರಾಗಿ ಹಾಕಿಸುತ್ತಾರೆ. ಪಕ್ಕದವರದು ನೀಲಗಿರಿ ತೋಪು. ಮೇಲಿಂದ ನೋಡಿದರೆ ಎರಡೂ ಹಸಿರೇ ತಾನೆ? ಇದು ರಾಗಿ, ಇದು ಜೋಳ, ಇದು ಮರ ಅಂತ ಉಪಗ್ರಹಕ್ಕೆ ಹೇಗೆ ಗೊತ್ತಾಗುತ್ತೆ? (ಓದುಗರೊಬ್ಬರು, ರಾಜಾಜಿನಗರ)

ಉತ್ತರ: ನಿಜ ಹೇಳಬೇಕೆಂದರೆ ಉಪಗ್ರಹಕ್ಕೆ ರಾಗಿಯೂ ಗೊತ್ತಿಲ್ಲ, ನೀಲಗಿರಿಯೂ ಗೊತ್ತಿಲ್ಲ. ನೆಲದಿಂದ ವಾಪಸ್ ಬರುವ ಬೆಳಕನ್ನು ಅಳೆಯುವುದಷ್ಟೇ ಅದರ ಕೆಲಸ. ಹೆಸರು ಇಡುವವರು ನಾವು.

ಹಸಿರು ಎಲೆ ಕೆಂಪು ಬೆಳಕನ್ನು ಹೀರಿಕೊಳ್ಳುತ್ತೆ, ಅದರಿಂದಲೇ ಆಹಾರ ತಯಾರಿಸಿಕೊಳ್ಳುತ್ತೆ. ಕೆಂಪಿನ ಆಚೆಗೆ ಇನ್‌ಫ್ರಾರೆಡ್ ಅಂತ ನಮ್ಮ ಕಣ್ಣಿಗೆ ಕಾಣದ ಬೆಳಕೊಂದಿದೆ. ಅದು ಎಲೆಗೆ ಬೇಡ. ಬಂದಷ್ಟರಲ್ಲಿ ಹೆಚ್ಚು ಪಾಲನ್ನು ಹಾಗೇ ವಾಪಸ್ ಕಳಿಸಿಬಿಡುತ್ತೆ. ದಟ್ಟವಾಗಿ ಬೆಳೆದ ಹೊಲದಿಂದ ಕೆಂಪು ನೂರಕ್ಕೆ 5 ಪಾಲು, ಇನ್‌ಫ್ರಾರೆಡ್ ನೂರಕ್ಕೆ 40 ಪಾಲು ವಾಪಸ್ ಬಂತು ಅಂದುಕೊಳ್ಳಿ. ಎರಡರ ವ್ಯತ್ಯಾಸ 35, ಮೊತ್ತ 45. ಭಾಗಿಸಿದರೆ 0.78. ಉತ್ತು ಬಿಟ್ಟ ಕೆಮ್ಮಣ್ಣಿನಲ್ಲಿ ಕೆಂಪು 20, ಇನ್‌ಫ್ರಾರೆಡ್ 28 ಅಂದರೆ ಲೆಕ್ಕ 0.17ಕ್ಕೆ ಬರುತ್ತೆ. ಈ ಅಂಕಿಗೆ ಎನ್‌ಡಿವಿಐ ಅಂತಾರೆ. ಒಂದರ ಹತ್ತಿರ ಬಂದಷ್ಟೂ ಹಸಿರು ಜಾಸ್ತಿ. ನೀರಿನ ಮೇಲೆ ಸಾಮಾನ್ಯವಾಗಿ ಸೊನ್ನೆಗಿಂತ ಕೆಳಗೆ ಹೋಗುತ್ತೆ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಅಕ್ಟೋಬರಿನ ಯಾವುದೋ ಒಂದು ದಿನದ ಚಿತ್ರ ತೆಗೆದರೆ ನಿಮ್ಮ ಅಣ್ಣನ ರಾಗಿ, ಪಕ್ಕದ ನೀಲಗಿರಿ ಎರಡರ ಅಂಕಿಯೂ ಹೆಚ್ಚುಕಡಿಮೆ ಒಂದೇ ಇರಬಹುದು. ನೀವು ಕೇಳಿದ್ದು ಸರಿಯೇ, ಎರಡೂ ಹಸಿರೇ. ಒಂದೇ ಚಿತ್ರ ಹಿಡಿದುಕೊಂಡು ಬೆಳೆ ಹೆಸರು ಹೇಳುವವರನ್ನು ನಾನು ನಂಬುವುದಿಲ್ಲ. ಬೆಳೆ ಗೊತ್ತಾಗುವುದು ಕ್ಯಾಲೆಂಡರಿನಿಂದ.

ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು 2015ರಿಂದ ಸುತ್ತುತ್ತಿವೆ. ಎರಡು ಸೇರಿ ಐದು ದಿನಕ್ಕೊಮ್ಮೆ ನಿಮ್ಮ ಹೊಲದ ಮೇಲೆ ಹಾದುಹೋಗುತ್ತವೆ, ಬೆಳಿಗ್ಗೆ ಹತ್ತೂವರೆ ಆಸುಪಾಸಿನಲ್ಲಿ. ಜೂನ್‌ನಿಂದ ಜನವರಿವರೆಗೆ ಸಿಕ್ಕ ಚಿತ್ರಗಳಲ್ಲೆಲ್ಲ ನಿಮ್ಮ ಹೊಲದ ಅಂಕಿ ಬರೆದುಕೊಂಡು ಹೋದರೆ ಒಂದು ಗೆರೆ ಸಿಗುತ್ತೆ. ಆಸ್ಪತ್ರೆ ಮಂಚದ ತುದಿಗೆ ನೇತುಹಾಕಿರುವ ಜ್ವರದ ಪಟ್ಟಿಯ ಹಾಗೆ, ಯಾವಾಗ ಏರಿತು, ಎಷ್ಟು ದಿನ ನಿಂತಿತು, ಯಾವಾಗ ಇಳಿಯಿತು ಎಂಬುದರಲ್ಲೇ ಎಲ್ಲ ಇದೆ.

ರಾಗಿಯ ಗೆರೆ ಹೀಗಿರುತ್ತೆ. ಜೂನ್‌ನಲ್ಲಿ ಬರೀ ಮಣ್ಣು, 0.2 ಆಸುಪಾಸು. ಜುಲೈನಲ್ಲಿ ಮಳೆ ನೋಡಿಕೊಂಡು ಬಿತ್ತನೆ. ಪೈರು ಎರಡೆಲೆ, ಮೂರೆಲೆ ಇರುವಾಗ ಮೇಲಿಂದ ಏನೂ ಕಾಣುವುದಿಲ್ಲ, ಇನ್ನೂ ಮಣ್ಣೇ. ಕುಂಟೆ ಹೊಡೆದು, ಸಾಲು ಕೂಡಿಕೊಂಡ ಮೇಲೆ ಅಂಕಿ ಸರಸರ ಏರುತ್ತೆ. ತೆನೆ ಒಡೆಯುವ ಹೊತ್ತಿಗೆ, ಒಳ್ಳೆ ಮಳೆಯಾದ ವರ್ಷ 0.6 ದಾಟಬಹುದು. ಕಾಳು ಬಲಿತು ಎಲೆ ಒಣಗಿದಾಗ ಇಳಿಯುತ್ತೆ. ನವೆಂಬರ್, ಡಿಸೆಂಬರಿನಲ್ಲಿ ಕೊಯ್ಲು ಮುಗಿದರೆ ಮತ್ತೆ ಮಣ್ಣಿನ ಅಂಕಿ.

ನೀಲಗಿರಿಯದು ವರ್ಷಪೂರ್ತಿ ಹೆಚ್ಚು ಏರಿಳಿತವಿಲ್ಲದ ಗೆರೆ. ಬೇಸಿಗೆಯಲ್ಲಿ ಸ್ವಲ್ಪ ಬಾಗುತ್ತೆ, ಅಷ್ಟೇ. ನಿಮ್ಮ ರಾಗಿ ಹೊಲ ಮಾರ್ಚಿನಲ್ಲಿ ಖಾಲಿ ಇರುವಾಗಲೂ ಅದು ಹಸಿರು. ಹಾಗಾಗಿ ಈ ಎರಡನ್ನು ಬೇರೆ ಮಾಡಲು ಬೇಸಿಗೆಯ ಚಿತ್ರವೇ ಸಾಕು. ಆದರೆ ಒಂದು ಮೋಸ ಇದೆ. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿದರೂ ಹಳೇ ತೋಪುಗಳು ಹಾಗೇ ಇವೆ, ಕಡಿದ ಬುಡದಿಂದ ಮತ್ತೆ ಚಿಗುರುತ್ತವೆ. ಕಡಿದ ವರ್ಷ ಅಂಕಿ ಥಟ್ಟನೆ ಬೀಳುತ್ತೆ, ಆಮೇಲೆ ಮೆಲ್ಲಗೆ ಏರುತ್ತೆ. ಆ ಒಂದು ವರ್ಷ ಮಾತ್ರ ನೋಡಿದವರಿಗೆ ಅದೂ ಯಾವುದೋ ಬೆಳೆ ಅನ್ನಿಸಬಹುದು. ಎರಡು ವರ್ಷದ ಗೆರೆ ಹಾಕಿ ನೋಡಿದರೆ ಗುಟ್ಟು ರಟ್ಟಾಗುತ್ತೆ.

ಹಿಪ್ಪುನೇರಳೆ ತೋಟ ಇನ್ನೊಂದು ಥರ. ಸೊಪ್ಪು ಕತ್ತರಿಸಿದಾಗೆಲ್ಲ ಇಳಿದು, ಚಿಗುರಿದಾಗ ಏರುವ ಹಲ್ಲುಹಲ್ಲಿನ ಗೆರೆ. ಅದನ್ನು ಗುರುತು ಹಿಡಿಯುವುದು ಸುಲಭ, ನೋಡೋಕೂ ಚೆಂದ. ಮುಸುಕಿನ ಜೋಳ ನಿಮ್ಮ ಕಡೆ ರಾಗಿಗಿಂತ ಮುಂಚೆ ಬಿತ್ತಿದರೆ ಮುಂಚೆಯೇ ಏರುತ್ತೆ, ಮುಂಚೆಯೇ ಇಳಿಯುತ್ತೆ. ಆದರೆ ಮಳೆ ತಡವಾಗಿ ಎಲ್ಲರೂ ಒಂದೇ ವಾರದಲ್ಲಿ ಬಿತ್ತಿದರೆ ಎರಡನ್ನು ಬೇರೆ ಮಾಡುವುದು ಕಷ್ಟ. ಆಗ ಕೆಂಪು ಮತ್ತು ಇನ್‌ಫ್ರಾರೆಡ್ ನಡುವಿನ ರೆಡ್ ಎಡ್ಜ್ ಅನ್ನುವ ಬೆಳಕಿನ ಪಟ್ಟಿಗಳನ್ನು ನೋಡುತ್ತೇವೆ. ಸೆಂಟಿನೆಲ್-2ರ 13 ಪಟ್ಟಿಗಳಲ್ಲಿ ಇವೂ ಇವೆ. ಎಲೆಯ ಹಸಿರಿನಲ್ಲಿರುವ ಸಣ್ಣ ವ್ಯತ್ಯಾಸವನ್ನು ಹಿಡಿಯಲು ಇವು ಉಪಯೋಗಕ್ಕೆ ಬರುತ್ತವೆ. ರಾಗಿ ಮತ್ತು ಸಾಮೆ ಅಕ್ಕಪಕ್ಕ ಇದ್ದರೆ? ಅಲ್ಲಿ ನಾನು ಬಾಜಿ ಕಟ್ಟುವುದಿಲ್ಲ.

ನಿಮ್ಮಣ್ಣ ರಾಗಿಯಲ್ಲಿ ಅಕ್ಕಡಿ ಸಾಲು ಹಾಕಿಸುತ್ತಾರಾ? ಹಾಕಿಸಿದ್ದರೆ ಗೆರೆಯಲ್ಲೇ ಕಾಣುತ್ತೆ. ರಾಗಿ ಕೊಯ್ದ ಮೇಲೂ ಸಾಲಿನಲ್ಲಿ ಅವರೆ, ತೊಗರಿ ಹಸಿರಾಗಿ ನಿಂತಿರುತ್ತಲ್ಲ, ಹಾಗಾಗಿ ಡಿಸೆಂಬರಿನಲ್ಲಿ ಅಂಕಿ ಪೂರ್ತಿ ನೆಲ ಕಚ್ಚುವುದಿಲ್ಲ. ಗೆರೆಗೆ ಒಂದು ಸಣ್ಣ ಬಾಲ ಉಳಿಯುತ್ತೆ. ನಗರದಲ್ಲಿ ಅವರೆಕಾಯಿ ರಾಶಿ ಬಿದ್ದಿರುವ ದಿನಗಳಲ್ಲಿ ಆ ಬಾಲ ನೋಡುವುದು ನನಗೆ ಬಲು ಖುಷಿ. ಕಂಪ್ಯೂಟರಿಗೆ ಮಾತ್ರ ಅದು ತಲೆನೋವು. ನಕ್ಷೆಯಲ್ಲಿ ಒಂದು ಚೌಕಕ್ಕೆ ಒಂದೇ ಬೆಳೆ ಹೆಸರು ಕೊಡಿ ಅಂದರೆ ಅದು ರಾಗಿ ಅನ್ನಬೇಕೋ ಅವರೆ ಅನ್ನಬೇಕೋ? ನಮ್ಮ ಬೇಸಾಯದ ಜಾಣತನ ಬಣ್ಣದ ನಕ್ಷೆಯಲ್ಲಿ ಎಷ್ಟೋ ಸಲ ಹೀಗೆ ಕಳೆದುಹೋಗುತ್ತೆ.

ಪ್ರಶ್ನೆ: ಪಹಣಿಯಲ್ಲಿ ಬರುವ ಬೆಳೆ ಹೆಸರು ಈಗ ಉಪಗ್ರಹದಿಂದಲೇ ಬರುತ್ತಂತೆ, ನಿಜವಾ? (ದೇವನಹಳ್ಳಿ)

ಉತ್ತರ: ಇಲ್ಲ. ಅದು ಮೊಬೈಲ್ ಆ್ಯಪ್‌ನಲ್ಲಿ ನಡೆಯುವ ಬೆಳೆ ಸಮೀಕ್ಷೆಯಿಂದ ಬರುವುದು. ಹೊಲದೊಳಗೇ ನಿಂತು, ಜಿಪಿಎಸ್ ಆನ್ ಮಾಡಿ, ಬೆಳೆ ಹೆಸರು ಹಾಕಿ ಫೋಟೋ ತೆಗೆಯಬೇಕು. 2020ರ ಮುಂಗಾರಿನಿಂದ ರೈತರೇ ಇದನ್ನು ಮಾಡಬಹುದು. ಮಾಡದಿದ್ದರೆ ಊರಿನ ಖಾಸಗಿ ನಿವಾಸಿ ಅಂತ ನೇಮಕವಾದವರು ಬಂದು ಮಾಡುತ್ತಾರೆ. ನಿಮ್ಮ ಹೊಲಕ್ಕೆ ಏನು ಬರೆದಿದ್ದಾರೆ ಅಂತ ಬೆಳೆ ದರ್ಶಕ್ ಆ್ಯಪ್‌ನಲ್ಲಿ ನೋಡಿ. ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಿ, ಮುಂದೂಡಬೇಡಿ. ಬೆಂಬಲ ಬೆಲೆಗೆ ರಾಗಿ ಹಾಕುವಾಗ, ವಿಮೆಗೆ, ಪರಿಹಾರಕ್ಕೆ ಎಲ್ಲದಕ್ಕೂ ಆ ಮಾಹಿತಿಯೇ ಬೇಕಾಗುತ್ತೆ.

ಉಪಗ್ರಹದ ಲೆಕ್ಕ ಬೇರೆಯೇ ದಾರಿಯಲ್ಲಿ ನಡೆಯುತ್ತೆ. ಜಿಲ್ಲೆಗೆ, ರಾಜ್ಯಕ್ಕೆ ಎಷ್ಟು ಹೆಕ್ಟೇರ್ ಭತ್ತ, ಎಷ್ಟು ಹತ್ತಿ ಅಂತ ಕೊಯ್ಲಿಗೆ ಮುಂಚೆಯೇ ಅಂದಾಜು ಮಾಡಲು ದೆಹಲಿಯಲ್ಲಿ ಮಹಾಲನೋಬಿಸ್ ರಾಷ್ಟ್ರೀಯ ಬೆಳೆ ಮುನ್ಸೂಚನಾ ಕೇಂದ್ರ ಇದೆ, 2012ರಲ್ಲಿ ಶುರುವಾದದ್ದು. ಅವರಿಗೆ ನಿಮ್ಮ ಸರ್ವೆ ನಂಬರು ಬೇಕಿಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ತಿಂಗಳುಗಟ್ಟಲೆ ಮೋಡ ಇರುತ್ತಲ್ಲ, ಆಗ ಏನು ಮಾಡ್ತೀರಿ? (ಬಸವನಗುಡಿ)

ಉತ್ತರ: ಒಳ್ಳೆ ಪ್ರಶ್ನೆ. ಮುಂಗಾರಿನ ಬೆಳೆಯ ಮುಖ್ಯ ದಿನಗಳಲ್ಲೇ ಮೋಡ ಕವಿದಿರುತ್ತೆ. ಐದು ದಿನಕ್ಕೊಮ್ಮೆ ಉಪಗ್ರಹ ಬಂದರೂ ಜುಲೈ, ಆಗಸ್ಟಿನಲ್ಲಿ ಎಷ್ಟೋ ಸಲ ಬರೀ ಹತ್ತಿಯ ಹಾಗಿರುವ ಬಿಳಿ ಚಿತ್ರವೇ ಸಿಗುವುದು.

ಆಗ ರೇಡಾರ್ ಉಪಗ್ರಹದ ಮೊರೆ ಹೋಗುತ್ತೇವೆ. ಅದು ಸೂರ್ಯನ ಬೆಳಕಿಗೆ ಕಾಯುವುದಿಲ್ಲ. ತಾನೇ ಮೈಕ್ರೋವೇವ್ ಅಲೆ ಕಳಿಸಿ, ವಾಪಸ್ ಬಂದದ್ದನ್ನು ಅಳೆಯುತ್ತೆ. ಮೋಡ ಅಡ್ಡ ಬಂದರೂ ಸರಿ, ರಾತ್ರಿಯಾದರೂ ಸರಿ. ಯುರೋಪಿನ ಸೆಂಟಿನೆಲ್-1 ಇದೆ, ನಮ್ಮ ರಿಸ್ಯಾಟ್-1 2012ರಲ್ಲಿ ಹಾರಿತು, ಅದರ ನಂತರದ ಇಒಎಸ್-04 2022ರ ಫೆಬ್ರವರಿಯಲ್ಲಿ. ಇಸ್ರೋ ಮತ್ತು ನಾಸಾ ಸೇರಿ ಮಾಡಿದ ನಿಸಾರ್ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹೋಯಿತು. ಇದರ ಉದ್ದನೆಯ ಅಲೆ ಸುಮಾರು 24 ಸೆಂಟಿಮೀಟರ್, ಎಲೆಗಳನ್ನು ದಾಟಿ ಒಳಗೆ ಇಳಿಯಬಲ್ಲದು.

ರೇಡಾರ್‌ಗೆ ತುಂಬಾ ಚೆನ್ನಾಗಿ ಸಿಗುವ ಬೆಳೆ ಭತ್ತ. ಮಂಡ್ಯದ ಕಡೆ ಗದ್ದೆಗೆ ನೀರು ಕಟ್ಟಿ ಹದ ಮಾಡಿದಾಗ ಅಲೆ ನೀರಿಗೆ ತಾಗಿ ಆಚೆಗೆ ಪುಟಿದುಹೋಗುತ್ತೆ, ಉಪಗ್ರಹಕ್ಕೆ ವಾಪಸ್ ಬರುವುದು ಅತ್ಯಲ್ಪ. ಚಿತ್ರದಲ್ಲಿ ಗದ್ದೆ ಕಪ್ಪು. ನಾಟಿ ಮಾಡಿ ಪೈರು ತೆಂಡೆ ಒಡೆದ ಹಾಗೆಲ್ಲ ಬೆಳ್ಳಗಾಗುತ್ತಾ ಬರುತ್ತೆ. ಕಪ್ಪಾಗಿ, ಆಮೇಲೆ ಬೆಳ್ಳಗಾಗುವ ಬೆಳೆ ಬೇರೆ ಯಾವುದೂ ಇಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ರಾಗಿಗೆ ಈ ಅನುಕೂಲ ಇಲ್ಲ. ಮಳೆ ಬಂದು ಮಣ್ಣು ಒದ್ದೆಯಾದರೂ ಚಿತ್ರ ಬೆಳ್ಳಗಾಗುತ್ತೆ, ಬೆಳೆ ಬೆಳೆದರೂ ಬೆಳ್ಳಗಾಗುತ್ತೆ. ಯಾವುದು ಯಾವುದರಿಂದ ಅಂತ ಬಿಡಿಸುವುದರಲ್ಲೇ ಅರ್ಧ ದಿನ ಹೋಗುತ್ತೆ.

ಪ್ರಶ್ನೆ: ಉಪಗ್ರಹದಿಂದ ನಮ್ಮ ಮನೆ ಟೆರೇಸ್ ಮೇಲೆ ಏನು ಒಣಹಾಕಿದ್ದೇವೆ ಅಂತಲೂ ನೋಡ್ತಾರಂತೆ! (ಜಯನಗರ)

ಉತ್ತರ: ನಿಮ್ಮ ಹಪ್ಪಳಕ್ಕೆ ಏನೂ ಭಯವಿಲ್ಲ. ಬೆಳೆ ನೋಡುವ ಸೆಂಟಿನೆಲ್-2 ಸುಮಾರು 786 ಕಿಲೋಮೀಟರ್ ಮೇಲಿದೆ. ಅದರ ಚಿತ್ರದಲ್ಲಿ ಒಂದು ಚುಕ್ಕಿ ಅಂದರೆ ನೆಲದ ಮೇಲೆ 10 ಮೀಟರಿಗೆ 10 ಮೀಟರ್. ಮೂವತ್ತು ನಲವತ್ತರ ಒಂದು ಸೈಟು ಹೆಚ್ಚುಕಡಿಮೆ ಒಂದೇ ಚುಕ್ಕಿ. ನಿಮ್ಮ ಮನೆ, ನೀರಿನ ಟ್ಯಾಂಕು, ಹಪ್ಪಳ ಎಲ್ಲ ಕಲಸಿ ಒಂದು ಬಣ್ಣ. ಗೂಗಲ್ ಅರ್ತ್‌ನಲ್ಲಿ ಕಾರು ಕಾಣುತ್ತಲ್ಲ ಅನ್ನಬಹುದು. ಅವು ಖಾಸಗಿ ಕಂಪನಿಗಳ ದುಬಾರಿ ಚಿತ್ರಗಳು. ಯಾವತ್ತೋ ತೆಗೆದದ್ದು, ಲೈವ್ ಅಲ್ಲ.

ಪ್ರಶ್ನೆ: ಮೇಡಂ, ಹೆಬ್ಬಾಳದ ಕಡೆ ಓದುತ್ತಿರುವ ಎಂ.ಎಸ್ಸಿ. ವಿದ್ಯಾರ್ಥಿನಿ ನಾನು. ಒಂದು ಹೋಬಳಿಯ ಬೆಳೆ ನಕ್ಷೆ ಮಾಡಬೇಕು ಅಂತಿದ್ದೇನೆ. ದುಡ್ಡು ಕೊಟ್ಟು ಸಾಫ್ಟ್‌ವೇರ್ ತಗೊಳ್ಳೋಕೆ ಆಗಲ್ಲ. ಎಲ್ಲಿಂದ ಶುರು ಮಾಡಲಿ? ಇಂಟರ್ನೆಟ್‌ನಲ್ಲಿ ನೋಡಿದ ಕೆಲಸಗಳೆಲ್ಲ 95 ಪರ್ಸೆಂಟ್ ಸರಿ ಅಂತಿವೆ, ನನ್ನದೂ ಅಷ್ಟು ಬರಬೇಕಾ?

ಉತ್ತರ: ದುಡ್ಡಿನ ಚಿಂತೆ ಬಿಡಿ. ಸೆಂಟಿನೆಲ್ ಚಿತ್ರ ಉಚಿತ. 2008ರಿಂದ ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರಗಳು ಕೂಡ ಉಚಿತ. ಇಸ್ರೋದ ರಿಸೋರ್ಸ್‌ಸ್ಯಾಟ್ ಚಿತ್ರಗಳಿಗೆ ಭೂನಿಧಿ ಪೋರ್ಟಲ್ ನೋಡಿ. ನಕ್ಷೆ ಮಾಡುವ ಕ್ಯೂಜಿಐಎಸ್ ಸಾಫ್ಟ್‌ವೇರ್‌ಗೂ ಕಾಸು ಕೊಡಬೇಕಿಲ್ಲ. ನಿಮ್ಮ ಲ್ಯಾಪ್‌ಟಾಪ್ ಹಳೆಯದಾದರೆ ಗೂಗಲ್ ಅರ್ತ್ ಎಂಜಿನ್‌ನಲ್ಲಿ ಖಾತೆ ತೆರೆಯಿರಿ. ಓದಿಗೆ, ಸಂಶೋಧನೆಗೆ ಅದು ಉಚಿತ, ಲೆಕ್ಕವೆಲ್ಲ ಅವರ ಕಂಪ್ಯೂಟರಿನಲ್ಲೇ ನಡೆಯುತ್ತೆ.

ಸಾಫ್ಟ್‌ವೇರ್ ಕಲಿಯಲು ಹೆಚ್ಚು ಸಮಯ ಬೇಡ. ಕಷ್ಟ ಇರುವುದು ಹೊಲ ಸುತ್ತುವುದರಲ್ಲಿ. ಇಂತಿಂಥ ಜಾಗದಲ್ಲಿ ಇಂತಿಂಥ ಬೆಳೆ ಇದೆ ಅಂತ ಮೊದಲು ನೀವು ಕಂಪ್ಯೂಟರಿಗೆ ತೋರಿಸಿಕೊಡಬೇಕು. ಅದನ್ನು ನೋಡಿ ಅದು ಉಳಿದ ಹೊಲಗಳಿಗೆ ಹೆಸರು ಹಚ್ಚುತ್ತೆ. ಇದಕ್ಕೆ ಹೆಚ್ಚಿನವರು ರ‍್ಯಾಂಡಮ್ ಫಾರೆಸ್ಟ್ ಅನ್ನುವ ವಿಧಾನ ಬಳಸುತ್ತಾರೆ. ನೀವೂ ಅದರಿಂದಲೇ ಶುರು ಮಾಡಿ, ಸಾಕು. ನೀವು ಕೊಟ್ಟ ಉದಾಹರಣೆ ಕೆಟ್ಟರೆ ಯಾವ ವಿಧಾನವೂ ಕಾಪಾಡುವುದಿಲ್ಲ.

ಎಲ್ಲರೂ ಸ್ಕೂಟರ್ ನಿಲ್ಲಿಸಿ ರಸ್ತೆ ಪಕ್ಕದ ಹೊಲದ ಫೋಟೋ ತೆಗೆದುಕೊಂಡು ಬರುತ್ತಾರೆ. ರಸ್ತೆ ಪಕ್ಕ ಬೋರ್‌ವೆಲ್ ಇದೆ, ಹೂವಿನ ತೋಟ ಇದೆ, ಪಾಲಿಹೌಸ್ ಇದೆ. ಒಳಗೆ ಹೋದರೆ ಬರೀ ಮಳೆ ರಾಗಿ. ಕಾಲುದಾರಿಯಲ್ಲಿ ನಡೆದು ಹೋಗಲೇಬೇಕು. ಹೊಲದ ಬದುವಿನ ಮೇಲೆ ನಿಂತು ಜಿಪಿಎಸ್ ಒತ್ತಬೇಡಿ, ನಡುವೆ ಹೋಗಿ. ತಾರೀಕು ಬರೆಯಿರಿ. ಬಿತ್ತಿದ್ದು ಯಾವಾಗ ಅಂತ ಕೇಳಿ ಬರೆದುಕೊಳ್ಳಿ, ಹಿಂದಿನ ವರ್ಷ ಏನಿತ್ತು ಅಂತಲೂ ಕೇಳಿ. ಖಾಲಿ ಹೊಲವನ್ನೂ ಬಿಡಬೇಡಿ. ಪಾಳು ಬಿಟ್ಟ ಜಮೀನಿನ ಉದಾಹರಣೆ ಇಲ್ಲದಿದ್ದರೆ ಕಂಪ್ಯೂಟರ್ ಹುಲ್ಲಿಗೂ ಯಾವುದಾದರೂ ಬೆಳೆಯ ಹೆಸರಿಟ್ಟುಬಿಡುತ್ತೆ.

ಇನ್ನೊಂದು ಮಾತು. ಬೆಂಗಳೂರು ಸುತ್ತಮುತ್ತ ಫೋನ್ ಹಿಡಿದು ಹೊಲದಲ್ಲಿ ಯಾರಾದರೂ ಅಡ್ಡಾಡಿದರೆ ಊರವರಿಗೆ ಮೊದಲು ಬರುವ ಅನುಮಾನ ಲೇಔಟ್, ಇಲ್ಲವೇ ಭೂಸ್ವಾಧೀನ. ಅವರ ತಪ್ಪೇನಿಲ್ಲ. ಮೊದಲು ಅಂಗಡಿ ಹತ್ತಿರ ಟೀ ಕುಡಿದು, ಯಾರು, ಯಾಕೆ ಬಂದದ್ದು ಅಂತ ಹೇಳಿ. ಕಾಲೇಜಿನ ಗುರುತಿನ ಚೀಟಿ ತೋರಿಸಿ. ಒಬ್ಬ ಹಿರಿಯರು ಜೊತೆಗೆ ಬಂದರೆ ನಿಮ್ಮ ಕೆಲಸ ಅರ್ಧ ಆದ ಹಾಗೆ. ಯಾರ ಹೊಲ, ಏನು ಬೆಳೆ, ಹೋದ ವರ್ಷ ಏನಾಯಿತು ಎಲ್ಲ ಅವರ ನಾಲಿಗೆ ತುದಿಯಲ್ಲಿರುತ್ತೆ.

95ರ ವಿಷಯ. ಒಂದೇ ಹೊಲದಿಂದ ಹತ್ತು ಚುಕ್ಕಿ ತೆಗೆದು, ಐದನ್ನು ಕಲಿಸಲು ಇಟ್ಟು, ಉಳಿದ ಐದರಿಂದ ಪರೀಕ್ಷೆ ಮಾಡಿದರೆ 95 ಏನು, 99 ಬೇಕಾದರೂ ಬರುತ್ತೆ. ಪ್ರಶ್ನೆಪತ್ರಿಕೆ ಮೊದಲೇ ಕೊಟ್ಟ ಪರೀಕ್ಷೆ ಅದು. ಕಲಿಸುವ ಹೊಲಗಳೇ ಬೇರೆ, ಪರೀಕ್ಷೆಯ ಹೊಲಗಳೇ ಬೇರೆ ಇರಲಿ. ಸಾಧ್ಯವಾದರೆ ಊರೇ ಬೇರೆ ಇರಲಿ. ಆಮೇಲೆ ಒಟ್ಟು ಪರ್ಸೆಂಟ್ ಮಾತ್ರ ಹೇಳಿ ಕೈ ತೊಳೆದುಕೊಳ್ಳಬೇಡಿ, ಬೆಳೆವಾರು ನೋಡಿ. ನಿಜವಾದ 100 ರಾಗಿ ಹೊಲಗಳಲ್ಲಿ ನಕ್ಷೆ ಎಷ್ಟನ್ನು ರಾಗಿ ಅಂತು? ನಕ್ಷೆ ರಾಗಿ ಅಂದ 100 ಜಾಗಕ್ಕೆ ಹೋದರೆ ನಿಜವಾಗಿ ಎಷ್ಟರಲ್ಲಿ ರಾಗಿ ಇದೆ? ಈ ಎರಡು ಲೆಕ್ಕ ಒಂದೇ ಅಲ್ಲ. ಮೊದಲನೆಯದು ಕಡಿಮೆ ಇದ್ದರೆ ನಕ್ಷೆ ರಾಗಿಯನ್ನು ತಪ್ಪಿಸಿಕೊಂಡಿದೆ, ಎರಡನೆಯದು ಕಡಿಮೆ ಇದ್ದರೆ ಇಲ್ಲದ ಕಡೆ ರಾಗಿ ಬೆಳೆದಿದೆ. ಎರಡನ್ನೂ ಬರೆದು, ಎಲ್ಲಿ ಎಡವಿತು ಅಂತ ಹೇಳಿದ 78 ಪರ್ಸೆಂಟ್ ಕೆಲಸವನ್ನು ನಾನು ಮೊದಲು ಓದುತ್ತೇನೆ. ನಿಮ್ಮ ಗೈಡ್ ಏನಂತಾರೋ, ಅದು ನಿಮಗೆ ಬಿಟ್ಟದ್ದು!

ಪ್ರಶ್ನೆ: ನಾವಿರುವುದು ಮಹದೇವಪುರದ ಕಡೆ, ಅಪಾರ್ಟ್‌ಮೆಂಟ್ ಕಿಟಕಿಯಿಂದ ಕೆರೆ ಕಾಣುತ್ತೆ. ಪ್ರಪಂಚದ ಭೂ ಹೊದಿಕೆ ನಕ್ಷೆ ಅಂತ ಆನ್‌ಲೈನ್‌ನಲ್ಲಿ ಇರುತ್ತಲ್ಲ, ಅದರಲ್ಲಿ ನಮ್ಮ ಕೆರೆಯ ಅರ್ಧ ಭಾಗ ಗಿಡ, ಹುಲ್ಲು ಅಂತ ಇದೆ. ಖಾಲಿ ಸೈಟುಗಳನ್ನು ಬೆಳೆ ಅಂತ ತೋರಿಸುತ್ತಿದೆ. ಇದನ್ನು ನಂಬೋದು ಹೇಗೆ?

ಉತ್ತರ: ನಕ್ಷೆ ಸುಳ್ಳು ಹೇಳಿಲ್ಲ. ಕಿಟಕಿಯಿಂದ ಇನ್ನೊಮ್ಮೆ ನೋಡಿ, ನೀರು ಕಾಣುತ್ತಾ, ಜೊಂಡು ಕಾಣುತ್ತಾ? ಕೊಳಚೆ ನೀರು ಕುಡಿದು ಕೊಬ್ಬಿದ ಜೊಂಡಿನ ಎನ್‌ಡಿವಿಐ ಒಳ್ಳೆ ನೀರಾವರಿ ಬೆಳೆಯನ್ನೂ ಮೀರಿಸಬಲ್ಲದು. ಮೇಲೆ ಏನು ಹೊದ್ದಿದೆ ಅಂತ ಕೇಳಿದರೆ ಉತ್ತರ ಗಿಡ. ಆ ಜಾಗ ಏನು ಅಂತ ಕೇಳಿದರೆ ಉತ್ತರ ಕೆರೆ. ಉಪಗ್ರಹ ಮೊದಲನೆಯದಕ್ಕೆ ಮಾತ್ರ ಉತ್ತರ ಕೊಡುತ್ತೆ. ಎರಡನೆಯದಕ್ಕೆ ದಾಖಲೆ ನೋಡಬೇಕು, ಜನರನ್ನು ಕೇಳಬೇಕು. ತೇಲುವ ಜೊಂಡಿನ ಒಂದು ಗುಣ ನಮಗೆ ಸಹಾಯ ಮಾಡುತ್ತೆ. ಅದು ಗಾಳಿ ಬಂದ ಕಡೆ ಸರಿಯುತ್ತೆ. ಒಂದು ತಾರೀಕಿನಲ್ಲಿ ಪೂರ್ವದ ದಡ ಹಸಿರು, ಮುಂದಿನ ಚಿತ್ರದಲ್ಲಿ ಪಶ್ಚಿಮದ ದಡ. ಹೊಲ ಹಾಗೆ ನಡೆದಾಡುವುದಿಲ್ಲವಲ್ಲ!

ಖಾಲಿ ಸೈಟಿನ ಕಥೆಯೂ ಇದೇ. ಮಳೆ ಬಿದ್ದೊಡನೆ ಕಾಂಗ್ರೆಸ್ ಗಿಡ ಎದೆಮಟ್ಟ ಬೆಳೆಯುತ್ತೆ, ಡಿಸೆಂಬರಿಗೆ ಒಣಗುತ್ತೆ. ಗೆರೆ ಹಾಕಿ ನೋಡಿದರೆ ಥೇಟ್ ಮುಂಗಾರಿನ ಬೆಳೆಯೇ. ಲೇಔಟಿನ ರಸ್ತೆ ಗೆರೆಗಳು ಕಂಡರೆ ಕಣ್ಣಿಗೆ ಗೊತ್ತಾಗುತ್ತೆ, 10 ಮೀಟರ್ ಚುಕ್ಕಿಗೆ ಅದು ಯಾವಾಗಲೂ ಗೊತ್ತಾಗುವುದಿಲ್ಲ.

ಪ್ರಪಂಚಕ್ಕೆಲ್ಲ ಒಂದೇ ಅಳತೆಯಲ್ಲಿ ಮಾಡಿದ ಈ ನಕ್ಷೆಗಳಲ್ಲಿ ವರ್ಗಗಳೂ ಕಡಿಮೆ. ಯುರೋಪಿನ ವರ್ಲ್ಡ್‌ಕವರ್‌ನಲ್ಲಿ 11, ಗೂಗಲ್‌ನ ಡೈನಾಮಿಕ್ ವರ್ಲ್ಡ್‌ನಲ್ಲಿ 9. ಶ್ರೀನಿವಾಸಪುರದ ಮಾವಿನ ತೋಪು, ಕೋಲಾರದ ನೀಲಗಿರಿ, ಬನ್ನೇರುಘಟ್ಟದ ಕಾಡು ಮೂರೂ ಅಲ್ಲಿ ಮರಗಳು ಅನ್ನುವ ಒಂದೇ ಖಾನೆಗೆ ಬೀಳುತ್ತವೆ. ಯಾರಾದರೂ ಅದನ್ನು ತೋರಿಸಿ ನಮ್ಮ ಜಿಲ್ಲೆಯಲ್ಲಿ ಕಾಡು ಜಾಸ್ತಿಯಾಗಿದೆ ಅಂದರೆ ತಲೆಯಾಡಿಸುವ ಮೊದಲು ಯಾವ ಮರ ಅಂತ ಕೇಳಿ.

ಪ್ರಶ್ನೆ: ಪತ್ರಿಕೆಗಳಲ್ಲಿ ಬರುವ ಉಪಗ್ರಹ ಚಿತ್ರಗಳಲ್ಲಿ ಹೊಲ, ಕಾಡು ಎಲ್ಲ ಕೆಂಪಗೆ ಇರುತ್ತಲ್ಲ, ಯಾಕೆ? (ವಿಜಯನಗರ)

ಉತ್ತರ: ಇನ್‌ಫ್ರಾರೆಡ್ ಕಣ್ಣಿಗೆ ಕಾಣುವುದಿಲ್ಲ. ಕಾಣಿಸಬೇಕಾದರೆ ಅದಕ್ಕೆ ಯಾವುದಾದರೂ ಬಣ್ಣ ಕೊಡಬೇಕು. ಹಳೇ ಇನ್‌ಫ್ರಾರೆಡ್ ಫಿಲ್ಮ್‌ನಲ್ಲಿ ಅದು ಕೆಂಪಾಗಿ ಮೂಡುತ್ತಿತ್ತು, ಆ ರೂಢಿಯೇ ಉಳಿದುಕೊಂಡಿದೆ. ನಮ್ಮ ದೇಶದಲ್ಲಿ ಈ ವಿದ್ಯೆ ಶುರುವಾದದ್ದೂ ಆ ಫಿಲ್ಮ್‌ನಿಂದಲೇ. 1970ರ ಆಸುಪಾಸಿನಲ್ಲಿ ವಿಜ್ಞಾನಿ ಪಿ.ಆರ್. ಪಿಶಾರಟಿಯವರ ತಂಡ ಹೆಲಿಕಾಪ್ಟರಿನಿಂದ ಕೇರಳದ ತೆಂಗಿನ ತೋಟಗಳ ಫೋಟೋ ತೆಗೆದು, ಬೇರು ರೋಗ ಬಂದ ಮರಗಳನ್ನು ಗುರುತು ಹಿಡಿಯಿತು. ಆರೋಗ್ಯವಾಗಿದ್ದ ಮರಗಳ ಕೆಂಪೇ ಬೇರೆ, ರೋಗದ ಮರಗಳ ಕೆಂಪೇ ಬೇರೆ.

ಪ್ರಶ್ನೆ: ಉಪಗ್ರಹ ನೋಡಿ ಬೆಳೆ ವಿಮೆ ಕೊಡ್ತಾರೆ ಅಂತ ಕೇಳಿದೆ. ನನ್ನ ಹೊಲ ಒಣಗಿದ್ದು ಅದಕ್ಕೆ ಕಾಣುತ್ತಲ್ವಾ? (ಮಾಗಡಿ)

ಉತ್ತರ: ಕಾಣಬಹುದು, ಆದರೆ ಲೆಕ್ಕ ನಿಮ್ಮೊಬ್ಬರ ಹೊಲದ ಮೇಲೆ ನಡೆಯುವುದಿಲ್ಲ. ಫಸಲ್ ಬಿಮಾ ಯೋಜನೆಯಲ್ಲಿ ನಮ್ಮ ರಾಜ್ಯದಲ್ಲಿ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿ ಒಂದು ಘಟಕ, ಉಳಿದವಕ್ಕೆ ಹೋಬಳಿ. ಆ ಘಟಕದ ಕೆಲವು ಹೊಲಗಳಲ್ಲಿ ಬೆಳೆ ಕಟಾವು ಪ್ರಯೋಗ ಮಾಡಿ, ಸರಾಸರಿ ಇಳುವರಿ ತೆಗೆಯುತ್ತಾರೆ. ಅದು ನಿಗದಿಗಿಂತ ಕಡಿಮೆ ಬಂದರೆ ಅಲ್ಲಿ ಆ ಬೆಳೆಗೆ ವಿಮೆ ಮಾಡಿಸಿದ ಎಲ್ಲರಿಗೂ ಪರಿಹಾರ. 2023ರ ಮುಂಗಾರಿನಿಂದ ಭತ್ತ ಮತ್ತು ಗೋಧಿಗೆ ಉಪಗ್ರಹ ಆಧಾರದ ಇಳುವರಿ ಅಂದಾಜನ್ನೂ ಸೇರಿಸಲು ಕೇಂದ್ರ ಸರ್ಕಾರ ಹೇಳಿತು. ಅದರ ತೂಕ ಕನಿಷ್ಠ ನೂರಕ್ಕೆ 30. ಉಳಿದದ್ದು ಕಟಾವಿನ ಲೆಕ್ಕವೇ.

ನನ್ನನ್ನು ಕೇಳಿದರೆ ಇಷ್ಟು ತೂಕವೇ ಸರಿ. ಹೊಲ ಹಸಿರಾಗಿತ್ತು ಅಂತ ಚಿತ್ರ ಹೇಳಬಲ್ಲದು. ತೆನೆಯಲ್ಲಿ ಕಾಳು ಕಟ್ಟಿತ್ತಾ, ಜೊಳ್ಳಾ ಅಂತ ಹೇಳುವುದು ಅದಕ್ಕೆ ಕಷ್ಟ. ಹೂವಿನ ಹೊತ್ತಿನಲ್ಲಿ ಮಳೆ ಕೈಕೊಟ್ಟರೂ ಎಲೆ ಸ್ವಲ್ಪ ದಿನ ಹಸಿರಾಗೇ ನಿಂತಿರುತ್ತೆ. ಇನ್ನು ಆಲಿಕಲ್ಲು ಬಿದ್ದು ನಿಮ್ಮ ಹೊಲ ಮಾತ್ರ ಹಾಳಾದರೆ ಅದಕ್ಕೆ ಬೇರೆ ನಿಯಮ ಇದೆ, 72 ಗಂಟೆಯೊಳಗೆ ತಿಳಿಸಬೇಕು. ಉಪಗ್ರಹ ನೋಡಿಕೊಳ್ಳುತ್ತೆ ಅಂತ ಸುಮ್ನೆ ಕೂರಬೇಡಿ, ಫೋನ್ ಮಾಡಿ.

ಪ್ರಶ್ನೆ: ನಮ್ಮ ತಂದೆ ಕಾಲದಲ್ಲಿ ಹೊಲದ ಬದು ಈಗಿರುವ ಜಾಗದಲ್ಲಿ ಇರಲಿಲ್ಲ, ಪಕ್ಕದವರು ಒತ್ತಿಕೊಂಡು ಬಂದಿದ್ದಾರೆ. ಹಳೇ ಉಪಗ್ರಹ ಚಿತ್ರ ತೆಗೆಸಿ ಕೋರ್ಟಿಗೆ ಕೊಟ್ಟರೆ ಆಗುತ್ತಾ? (ಮಲ್ಲೇಶ್ವರ, ಹೆಸರು ಬೇಡ)

ಉತ್ತರ: ಹಳೇ ಚಿತ್ರ ಇದೆ. ಆದರೆ ನಿಮಗೆ ಬೇಕಾದದ್ದು ಅದರಲ್ಲಿ ಇಲ್ಲ. ಲ್ಯಾಂಡ್‌ಸ್ಯಾಟ್ 1972ರಲ್ಲಿ ಶುರುವಾಯಿತು. ಆಗಿನ ಒಂದು ಚುಕ್ಕಿ ಸುಮಾರು 80 ಮೀಟರ್, ಅಂದರೆ ಒಂದೂವರೆ ಎಕರೆಗಿಂತ ಜಾಸ್ತಿ. ನಮ್ಮ ಐಆರ್‌ಎಸ್-1ಎ ಹೋದದ್ದು 1988ರ ಮಾರ್ಚ್ 17ರಂದು. ಅದರ ಒಂದು ಕ್ಯಾಮೆರಾಗೆ 72.5 ಮೀಟರ್, ಇನ್ನೊಂದಕ್ಕೆ ಅದರ ಅರ್ಧ. ಎಂಬತ್ತರ ದಶಕದಿಂದ ಸಿಗುವ ಲ್ಯಾಂಡ್‌ಸ್ಯಾಟ್‌ನ 30 ಮೀಟರ್ ಚುಕ್ಕಿ ಅಂದರೆ ಸುಮಾರು 9 ಗುಂಟೆ. ಈಗಿನ ಸೆಂಟಿನೆಲ್‌ನದು ಗುಂಟೆಗೆ ಒಂದು ಚುಕ್ಕಿ. 33 ಅಡಿಗೆ 33 ಅಡಿಯ ಗುಂಟೆಯೂ 10 ಮೀಟರಿನ ಚೌಕವೂ ಹೆಚ್ಚುಕಡಿಮೆ ಒಂದೇ ಅಳತೆ. ಜಗಳ ಇರುವುದು ನಾಲ್ಕೈದು ಅಡಿ ಬದುವಿನ ಮೇಲೆ. ಬದು ಬಿದ್ದ ಚುಕ್ಕಿಯಲ್ಲಿ ನಿಮ್ಮ ರಾಗಿಯೂ ಅವರ ರಾಗಿಯೂ ಕಲೆತು ಒಂದೇ ಅಂಕಿಯಾಗಿರುತ್ತೆ.

ಊರಿನ ಕೆರೆ ಎಷ್ಟಿತ್ತು, ಗುಂಡುತೋಪು ಯಾವ ವರ್ಷ ಬಯಲಾಯಿತು, ಹೊಲಗಳು ಯಾವಾಗ ಲೇಔಟ್ ಆದವು ಅಂತ ತಿಳಿಯಲು ಹಳೇ ಚಿತ್ರ ಬಹಳ ಒಳ್ಳೆಯದು. ಬೆಂಗಳೂರಿನ ಅಂಚು ಹೇಗೆ ಹರಡಿತು ಅಂತ ಎಪ್ಪತ್ತರ ದಶಕದಿಂದ ಈಚೆಗೆ ಒಂದೊಂದಾಗಿ ಪಕ್ಕಪಕ್ಕ ಇಟ್ಟು ನೋಡಬಹುದು, ಹೊಟ್ಟೆ ಉರಿಯುತ್ತೆ. ಬದುವಿನ ಜಗಳಕ್ಕೆ ಅದು ಆಗಲ್ಲ. ಕರ್ನಾಟಕದ ದೂರಸಂವೇದಿ ಕೇಂದ್ರ ಮಾಡಿದ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರಿನ ಗೆರೆ ಕಾಣುತ್ತೆ, ನಿಜ. ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಅಂತ ತಿಳಿಯಲು ಅದು ಸರಿ. ಆದರೆ ಸರಪಳಿ ಎಳೆದು ಅಳೆದ ಹಳೇ ನಕ್ಷೆಗಳನ್ನು ಚಿತ್ರದ ಮೇಲೆ ಕೂರಿಸಿದಾಗ ಗೆರೆ ಕೆಲವು ಕಡೆ ಅತ್ತಿತ್ತ ಸರಿದಿರುತ್ತೆ, ಫೋನಿನ ಜಿಪಿಎಸ್ ಕೂಡ ಕೆಲವು ಮೀಟರ್ ಆಚೀಚೆ ತೋರಿಸುತ್ತೆ. ಅದನ್ನು ಹಿಡಿದುಕೊಂಡು ಪಕ್ಕದವರ ಮೇಲೆ ಜಗಳಕ್ಕೆ ಹೋಗಬೇಡಿ. ಹದ್ದುಬಸ್ತಿಗೆ, ಅಂದರೆ ಸರ್ವೆಯರ್ ಬಂದು ಗಡಿ ಅಳೆದು ಗುರುತು ಹಾಕುವುದಕ್ಕೆ, ಅರ್ಜಿ ಹಾಕಿ. ಸರ್ವೆಯರ್ ಬರುವ ದಿನ ಟಿಪ್ಪಣಿ, ಆಕಾರಬಂದ್ ಎಂಬ ಹಳೇ ಸರ್ವೆ ದಾಖಲೆಗಳ ನಕಲು ಕೈಯಲ್ಲಿರಲಿ, ಪಕ್ಕದವರಿಗೂ ನೋಟಿಸ್ ಹೋಗಿದೆಯಾ ಅಂತ ಮೊದಲೇ ವಿಚಾರಿಸಿಕೊಳ್ಳಿ.